ತಂಬಿಗೆಗೆ ಕೇಳಿದ ಪ್ರಶ್ನೆ ಕುರ್ಚಿಗೂ ಕೇಳೋಣ

ಬೆಂಗಳೂರಿನಲ್ಲಿ ಸಣ್ಣ ಆಫೀಸುಗಳ ಒಳಾಂಗಣ ಮಾಡಿಕೊಡುವುದು ನನ್ನ ಕೆಲಸ. ಲೆಕ್ಕಪರಿಶೋಧಕರು, ವಕೀಲರು, ಹತ್ತಿಪ್ಪತ್ತು ಜನರ ಸಾಫ್ಟ್‌ವೇರ್ ಕಂಪನಿಗಳು, ಹೀಗೆ. ಬರುವವರು ಸಾಮಾನ್ಯವಾಗಿ ಫೋನಿನಲ್ಲಿ ಒಂದಷ್ಟು ಚಿತ್ರ ಇಟ್ಟುಕೊಂಡೇ ಬರುತ್ತಾರೆ. ಬಿಳಿ ಗೋಡೆ, ದೊಡ್ಡ ಕಿಟಕಿ, ಅದರ ಪಕ್ಕ ಹೆಸರುವಾಸಿಯಾದ ಒಂದು ಕುರ್ಚಿ. "ಇಂಥದ್ದೇ ಬೇಕು" ಅನ್ನುತ್ತಾರೆ. ಚಿತ್ರ ಚೆನ್ನಾಗಿಯೇ ಇರುತ್ತದೆ. ಆದರೆ ಆ ಕುರ್ಚಿಯ ಮೇಲೆ ಯಾರೂ ಕೂತಿರುವುದಿಲ್ಲ. ಹಾಗಾಗಿ ನಾನು ಮೊದಲು ಕೇಳುವುದು ಅದನ್ನೇ. ಇದರ ಮೇಲೆ ಯಾರು ಕೂರುತ್ತಾರೆ? ಎಷ್ಟು ಹೊತ್ತು ಕೂರುತ್ತಾರೆ?

ಈ ರೀತಿ ಕೇಳುವುದನ್ನು ನಾನು ಕಲಿತದ್ದು ಚಾರ್ಲ್ಸ್ ಮತ್ತು ರೇ ಈಮ್ಸ್ ದಂಪತಿಯಿಂದ. ಅಮೆರಿಕದ ಈ ಗಂಡ ಹೆಂಡತಿ ಮಾಡಿದ ಕುರ್ಚಿಗಳನ್ನು ಹೆಸರು ಗೊತ್ತಿಲ್ಲದೆಯೇ ನಾವೆಲ್ಲ ನೋಡಿದ್ದೇವೆ. ಕೆಫೆಗಳಲ್ಲಿ ಕಾಣುವ, ಚಿಪ್ಪಿನಂಥ ಪ್ಲಾಸ್ಟಿಕ್ ಸೀಟಿಗೆ ನಾಲ್ಕು ಮರದ ಕಾಲಿರುವ ಕುರ್ಚಿಯ ಮೂಲ ಅವರದೇ. 1950ರ ದಶಕದ ಕೊನೆಯಲ್ಲಿ ಭಾರತ ಸರ್ಕಾರ ಇವರನ್ನು ಕರೆಸಿತು. ಅವರು ದೇಶ ಸುತ್ತಿ 1958ರಲ್ಲಿ ಒಂದು ವರದಿ ಕೊಟ್ಟರು. 1961ರಲ್ಲಿ ಅಹಮದಾಬಾದಿನಲ್ಲಿ ರಾಷ್ಟ್ರೀಯ ವಿನ್ಯಾಸ ಸಂಸ್ಥೆ, ಅಂದರೆ ಎನ್‌ಐಡಿ ಹುಟ್ಟಿದ್ದು ಅದರ ಬುನಾದಿಯ ಮೇಲೆ. ಆ ವರದಿಯಲ್ಲಿ ಅವರು ಮನಸಾರೆ ಹೊಗಳಿದ್ದು ಅರಮನೆಯನ್ನೂ ಅಲ್ಲ, ದೇವಸ್ಥಾನವನ್ನೂ ಅಲ್ಲ. ನೀರು ತರುವ ತಂಬಿಗೆಯನ್ನು.

ತಂಬಿಗೆಯನ್ನು ಮುಂದಿಟ್ಟುಕೊಂಡು ಅವರು ಒಂದರ ಹಿಂದೆ ಒಂದು ಪ್ರಶ್ನೆ ಹಾಕುತ್ತಾ ಹೋಗುತ್ತಾರೆ. ಎಷ್ಟು ನೀರು ಹಿಡಿಯಬೇಕು? ಹೊರುವ ಕೈ ಎಷ್ಟು ದೊಡ್ಡದು, ಎಷ್ಟು ಗಟ್ಟಿ? ತಲೆಯ ಮೇಲೋ, ಸೊಂಟದ ಮೇಲೋ, ಕೈಯಲ್ಲೋ? ತುಂಬಿದಾಗ ಹೇಗೆ ನಿಲ್ಲುತ್ತದೆ, ಖಾಲಿಯಾದಾಗ ಹೇಗೆ? ಕೊನೆಗೆ, ಹಳೆಯದಾದ ಮೇಲೆ ಅದರ ಲೋಹಕ್ಕೆ ಏನು ಬೆಲೆ ಬರುತ್ತದೆ? ಚಂದವೋ ಅಲ್ಲವೋ ಎಂಬಲ್ಲಿಂದ ಅವರು ಶುರು ಮಾಡುವುದಿಲ್ಲ. ಇಷ್ಟಕ್ಕೂ ಉತ್ತರ ಕೊಟ್ಟ ಪಾತ್ರೆ ಚಂದವಾಗಿಯೇ ಇರುತ್ತದೆ ಎಂಬುದು ಅವರ ನಂಬಿಕೆ. ನನ್ನದೂ ಅದೇ. ಕುರ್ಚಿಗೂ ಇವೇ ಪ್ರಶ್ನೆ ಕೇಳಿದರೆ ಸಾಕು, ಅರ್ಧ ಗೊಂದಲ ಅಲ್ಲೇ ಮುಗಿಯುತ್ತದೆ.

ಹೊತ್ತಿನ ವಿಷಯ ಮೊದಲು. ನಾವು ಕ್ಲಾಸಿಕ್ ಅನ್ನುವ ಕುರ್ಚಿಗಳಲ್ಲಿ ಹೆಚ್ಚಿನವು ದಿನಕ್ಕೆ ಎಂಟು ಗಂಟೆ ಕಂಪ್ಯೂಟರ್ ಮುಂದೆ ಕೂರುವವರಿಗಾಗಿ ಹುಟ್ಟಿದವಲ್ಲ. ಬಾರ್ಸಿಲೋನಾ ಕುರ್ಚಿಯನ್ನೇ ನೋಡಿ. ಅಡ್ಡಡ್ಡ ಬಾಗಿದ ಉಕ್ಕಿನ ಪಟ್ಟಿ, ಮೇಲೆ ಚೌಕ ಚೌಕವಾಗಿ ಹೊಲಿದ ಚರ್ಮದ ದಿಂಬು. ಮೀಸ್ ವಾನ್ ಡೆರ್ ರೋಹೆ ಮತ್ತು ಲಿಲಿ ರೈಷ್ 1929ರ ಬಾರ್ಸಿಲೋನಾ ವಸ್ತುಪ್ರದರ್ಶನದಲ್ಲಿ ಜರ್ಮನಿಯ ಮಂಟಪಕ್ಕೆಂದು ಅದನ್ನು ಮಾಡಿದರು. ಸ್ಪೇನಿನ ರಾಜದಂಪತಿ ಬಂದು ಸ್ವಲ್ಪ ಹೊತ್ತು ಕೂರುವ ಸಂದರ್ಭಕ್ಕೆ ಹೊಂದುವ ಆಸನ ಅದು. ಇವತ್ತು ನಮ್ಮ ಟೆಕ್ ಪಾರ್ಕುಗಳ ಲಾಬಿಗಳಲ್ಲಿ ಅದರ ನಕಲು ಎಲ್ಲೆಲ್ಲೂ ಇದೆ. ನೋಡಲು ಗಂಭೀರ. ಆದರೆ ತಗ್ಗು, ಹಿಂದಕ್ಕೆ ಇಳಿಜಾರು, ಕೈ ಊರಲು ಆಸರೆ ಇಲ್ಲ. ಮೊಣಕಾಲು ನೋವಿರುವ ಹಿರಿಯರು ಅದರಲ್ಲಿ ಕೂತರೆ ಎದ್ದೇಳಲು ಇನ್ನೊಬ್ಬರ ಕೈ ಹಿಡಿಯಬೇಕು. ಹಿರಿಯರು ಜಾಸ್ತಿ ಬರುವ ಆಫೀಸಿಗೆ ನಾನು ಅದನ್ನು ಎಂದೂ ಹಾಕುವುದಿಲ್ಲ, ಎಷ್ಟೇ ಕೇಳಿಕೊಂಡರೂ.

ಮೀಟಿಂಗ್ ರೂಮಿನ ಕಥೆ ಬೇರೆ. ಅಲ್ಲಿ ಕೂರುವುದು ಒಂದು ಗಂಟೆ, ಎರಡು ಗಂಟೆ. ಈಮ್ಸ್ ಅವರ 1958ರ ಅಲ್ಯೂಮಿನಿಯಂ ಗ್ರೂಪ್ ಕುರ್ಚಿ ಅದಕ್ಕೆ ಹೇಳಿ ಮಾಡಿಸಿದ್ದು. ಎರಡು ಪಕ್ಕ ಅಲ್ಯೂಮಿನಿಯಂ ಚೌಕಟ್ಟು, ಅದರ ನಡುವೆ ಬಿಗಿಯಾಗಿ ಎಳೆದು ಕಟ್ಟಿದ, ಅಡ್ಡ ಗೀರುಗಳಿರುವ ಹೊದಿಕೆ. ಒಳಗೆ ದಪ್ಪ ಫೋಮ್ ಇಲ್ಲ. ಜೋಲಿಯಲ್ಲಿ ಕೂತಂತೆ ಮೈಭಾರ ಹರಡಿಕೊಳ್ಳುತ್ತದೆ. ಇದು ಹುಟ್ಟಿದ್ದು ಆಫೀಸಿಗಲ್ಲ ಎಂಬುದು ಹಲವರಿಗೆ ಗೊತ್ತಿಲ್ಲ. ಅಮೆರಿಕದ ಇಂಡಿಯಾನಾದಲ್ಲಿ, ಕೊಲಂಬಸ್ ಎಂಬ ಊರಿನ ಒಂದು ಮನೆಗೆ ಬಯಲಲ್ಲಿ ಹಾಕುವ ಕುರ್ಚಿ ಬೇಕಿತ್ತು. ಅದಕ್ಕೆಂದು ಶುರುವಾದ ಕೆಲಸ ಇದು. ಗಾಳಿಯಾಡುವ ಜಾಗಕ್ಕೆ ಮಾಡಿದ ಹಗುರ ಕುರ್ಚಿ ಕೊನೆಗೆ ಜಗತ್ತಿನ ಮೀಟಿಂಗ್ ರೂಮುಗಳನ್ನೆಲ್ಲ ಹಿಡಿದುಕೊಂಡಿತು.

ಊಟದ ಜಾಗಕ್ಕೆ, ಕಾಫಿ ಮೂಲೆಗೆ ಆಯ್ಕೆ ಸುಲಭ. ಡೆನ್ಮಾರ್ಕಿನ ಆರ್ನೆ ಯಾಕೋಬ್ಸೆನ್ 1952ರಲ್ಲಿ ಮಾಡಿದ ಆ್ಯಂಟ್ ಕುರ್ಚಿ ಒಂದು ಔಷಧ ಕಂಪನಿಯ ಕ್ಯಾಂಟೀನಿಗೆಂದೇ ಮಾಡಿದ್ದು. ಒಂದೇ ಹಾಳೆಯಾಗಿ ಬಗ್ಗಿಸಿದ ಪ್ಲೈವುಡ್, ಒಂದರ ಮೇಲೊಂದು ಪೇರಿಸಿಡಬಹುದು. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಮುಗಿಯಿತು.

ಇನ್ನು ಉಳಿಯುವುದು ಕೆಲಸದ ಕುರ್ಚಿ. ದುಡ್ಡು ಸುರಿಯಬೇಕಾದ್ದು ಇಲ್ಲಿ. ಆದರೆ ನಮ್ಮಲ್ಲಿ ದುಡ್ಡು ಹೋಗುವುದು ಬೇರೆ ಕಡೆ. ಅಂಗಡಿಗೆ ಹೋದರೆ ಕುರ್ಚಿಗಳನ್ನು ಜೋಡಿಸಿರುವ ಕ್ರಮವೇ ಹೇಳುತ್ತದೆ. ಬಾಸ್ ಚೇರ್, ಸ್ಟಾಫ್ ಚೇರ್, ವಿಸಿಟರ್ ಚೇರ್. ಹೈ ಬ್ಯಾಕ್, ಮೀಡಿಯಂ ಬ್ಯಾಕ್, ಲೋ ಬ್ಯಾಕ್. ಅಧಿಕಾರ ಹೆಚ್ಚಿದಷ್ಟೂ ಬೆನ್ನಿನ ಹಲಗೆ ಎತ್ತರ. ಸರ್ಕಾರಿ ಕಚೇರಿಗಳಲ್ಲಿ ಸಾಹೇಬರ ಕುರ್ಚಿಗೆ ಹೊದೆಸುವ ಬಿಳಿ ಟರ್ಕಿ ಟವೆಲ್ ನೆನಪಿದೆ ಅಲ್ವಾ? ಅವರು ರಜೆಯಲ್ಲಿದ್ದರೂ ಆ ಟವೆಲ್ ಇದ್ದಷ್ಟು ದಿನ ಬೇರೆ ಯಾರೂ ಅಲ್ಲಿ ಕೂರುವುದಿಲ್ಲ. ಇಡೀ ದಿನ ಕೂತು ಟೈಪ್ ಮಾಡುವ ಗುಮಾಸ್ತರಿಗೆ ಮಾತ್ರ ಕೈಯಿಲ್ಲದ, ಕುಷನ್ ಕುಸಿದ ಕುರ್ಚಿ. ಓಡಾಟದಲ್ಲೇ ದಿನ ಕಳೆಯುವ ಮಾಲೀಕರಿಗೆ ದೊಡ್ಡ ಸಿಂಹಾಸನ, ಕದಲದೆ ಕೂರುವ ಹುಡುಗಿಗೆ ಅಗ್ಗದ್ದು. ಖಾಸಗಿ ಆಫೀಸುಗಳೂ ಇದೇ ಪಾಠ ಕಲಿತಿವೆ. ನನಗೆ ಇದು ತುಂಬಾ ಬೇಸರ ತರುವ ವಿಷಯ. ಬೆನ್ನುನೋವಿಗೆ ಹುದ್ದೆ ಗೊತ್ತಿಲ್ಲ.

ಅದಕ್ಕೇ 1994ರಲ್ಲಿ ಬಂದ ಏರಾನ್ ಕುರ್ಚಿಯನ್ನು ನಾನು ಇಷ್ಟು ಗೌರವಿಸುವುದು. ಹರ್ಮನ್ ಮಿಲ್ಲರ್ ಕಂಪನಿಗಾಗಿ ಬಿಲ್ ಸ್ಟಂಫ್ ಮತ್ತು ಡಾನ್ ಚಾಡ್ವಿಕ್ ಇದನ್ನು ವಿನ್ಯಾಸ ಮಾಡಿದರು. ಅದಕ್ಕೂ ಮೊದಲು ಅವರು ವಯಸ್ಸಾದವರು ದಿನದ ಹೆಚ್ಚು ಹೊತ್ತು ಕೂತೇ ಇರುವ ಕುರ್ಚಿಯ ಬಗ್ಗೆ ಕೆಲಸ ಮಾಡಿದ್ದರು. ದಪ್ಪ ಫೋಮಿನಲ್ಲಿ ಶಾಖ ನಿಂತುಬಿಡುತ್ತದೆ, ಒಂದೇ ಕಡೆ ಒತ್ತಡ ಬಿದ್ದು ಚರ್ಮ ನೋಯುತ್ತದೆ ಎಂದು ಅಲ್ಲಿ ಕಂಡುಕೊಂಡರು. ಏರಾನ್‌ನಲ್ಲಿ ಫೋಮನ್ನೇ ತೆಗೆದು ಹಾಕಿ ಗಾಳಿಯಾಡುವ ಜಾಲರಿ ಹಾಕಿದರು. ನಮ್ಮ ಏಪ್ರಿಲ್ ತಿಂಗಳಲ್ಲಿ ರೆಕ್ಸಿನ್ ಕುರ್ಚಿಯಲ್ಲಿ ಕೂತು ಬೆವರಿದವರಿಗೆ ಅದರ ಬೆಲೆ ಬೇರೆ ಹೇಳಬೇಕಿಲ್ಲ.

ಜಾಲರಿಗಿಂತ ದೊಡ್ಡ ಸಂಗತಿ ಅದರ ಅಳತೆ. ಏರಾನ್ ಎ, ಬಿ, ಸಿ ಎಂಬ ಮೂರು ಗಾತ್ರದಲ್ಲಿ ಬರುತ್ತದೆ. ಸಣ್ಣ ಮೈಯವರಿಗೆ ಎ, ಮಧ್ಯಮದವರಿಗೆ ಬಿ, ದೊಡ್ಡ ಮೈಯವರಿಗೆ ಸಿ. ಮ್ಯಾನೇಜರ್ ಕುಳ್ಳಗಿದ್ದರೆ ಅವರಿಗೂ ಎ. ಉದ್ದಗಿರುವ ಹೊಸ ಹುಡುಗನಿಗೆ ಸಿ. ಅಂದರೆ ಗಾತ್ರ ಹೋಗುವುದು ದೇಹಕ್ಕೆ, ಹುದ್ದೆಗಲ್ಲ. ಬೆನ್ನಿನ ಚೌಕಟ್ಟಿನ ಮೇಲ್ಭಾಗದಲ್ಲಿ ಹಿಂದಕ್ಕೆ ಕೈಯಾಡಿಸಿದರೆ ಸಣ್ಣ ಉಬ್ಬು ಚುಕ್ಕೆಗಳು ಸಿಗುತ್ತವೆ. ಒಂದಿದ್ದರೆ ಎ, ಎರಡಿದ್ದರೆ ಬಿ, ಮೂರಿದ್ದರೆ ಸಿ. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಇದನ್ನು ನೆನಪಿಟ್ಟುಕೊಳ್ಳಿ. ಹೊಸದರ ಬೆಲೆ ಲಕ್ಷ ರೂಪಾಯಿ ದಾಟುತ್ತದೆ. ಆದರೆ 2020ರ ನಂತರ ಬೆಂಗಳೂರಿನಲ್ಲಿ ಎಷ್ಟೋ ಕಂಪನಿಗಳು ಆಫೀಸು ಖಾಲಿ ಮಾಡಿದವು, ಒಳ್ಳೊಳ್ಳೆಯ ಬಳಸಿದ ಕುರ್ಚಿಗಳು ಮಾರುಕಟ್ಟೆಗೆ ಬಂದವು. ಹೊಚ್ಚ ಹೊಸ ಸಾಧಾರಣ ಕುರ್ಚಿಗಿಂತ ಚೆನ್ನಾಗಿ ಇಟ್ಟುಕೊಂಡ ಹಳೆಯ ಒಳ್ಳೆಯ ಕುರ್ಚಿ ಎಷ್ಟೋ ಮೇಲು.

ಆದರೆ ಇದೇ ಕುರ್ಚಿಗೆ ತಂಬಿಗೆಯ ಪ್ರಶ್ನೆ ಮತ್ತೆ ಹಾಕಬೇಕು. ಕೂರುವವರು ಯಾರು? ಭಾರತದ ಹೆಂಗಸರ ಸರಾಸರಿ ಎತ್ತರ ಸುಮಾರು 152 ಸೆಂಟಿಮೀಟರ್. ಯುರೋಪು, ಅಮೆರಿಕದ ಮಾದರಿಯ ಮಾಮೂಲಿ ಕುರ್ಚಿಯ ಸೀಟು ನೆಲದಿಂದ 45 ಸೆಂಟಿಮೀಟರ್ ಆಸುಪಾಸು. ಅದರಲ್ಲಿ ಕೂತರೆ ಎಷ್ಟೋ ಜನರಿಗೆ ಪಾದ ಪೂರ್ತಿ ನೆಲಕ್ಕೆ ಊರುವುದಿಲ್ಲ. ತೊಡೆಯ ಹಿಂಭಾಗ ಸೀಟಿನ ಅಂಚಿಗೆ ಒತ್ತುತ್ತದೆ, ಸಂಜೆ ಹೊತ್ತಿಗೆ ಕಾಲು ಜೋಮು ಹಿಡಿಯುತ್ತದೆ. ಆಮೇಲೆ ಅವರು ಮುಂದಕ್ಕೆ ಸರಿದು ತುದಿಯಲ್ಲಿ ಕೂರುತ್ತಾರೆ. ಅಲ್ಲಿಗೆ ಬೆನ್ನಿಗೆ ಆಸರೆ ಕೊಡಲೆಂದು ತೆತ್ತ ದುಡ್ಡೆಲ್ಲ ವ್ಯರ್ಥ. ಸೀಟನ್ನು ಏರಿಸಿ ಇಳಿಸುವ ಗ್ಯಾಸ್ ಲಿಫ್ಟ್ ಎಷ್ಟು ಕೆಳಗೆ ಇಳಿಯುತ್ತದೆ ಎಂದು ನೋಡದೆ ಕುರ್ಚಿ ಕೊಳ್ಳಬಾರದು. ಮೇಜು ಎತ್ತರವಿದ್ದರೆ ಕಾಲಡಿಗೆ ಒಂದು ಮಣೆ ಇಡಲೇಬೇಕು.

ಇನ್ನೊಂದು, ನಮ್ಮ ಜನ ಕುರ್ಚಿಯ ಮೇಲೂ ಕಾಲು ಮಡಚಿ ಕೂರುತ್ತಾರೆ. ಚಕ್ಕಳಮಕ್ಕಳ ಹಾಕದಿದ್ದರೆ ಒಂದು ಕಾಲನ್ನಾದರೂ ಮೇಲೆ ಎಳೆದುಕೊಳ್ಳುತ್ತಾರೆ. ನೆಲದ ಮೇಲೆ ಕೂತು ಬೆಳೆದ ಮೈಗೆ ಅದು ಸಹಜ, ಅದರಲ್ಲಿ ನಾಚಿಕೊಳ್ಳುವಂಥದ್ದು ಏನೂ ಇಲ್ಲ. ಏರಾನ್‌ನ ಸೀಟಿಗೆ ಸುತ್ತ ಗಟ್ಟಿ ಚೌಕಟ್ಟು ಇದೆ. ಕಾಲು ಮಡಚಿ ಕೂತರೆ ಅದು ನೋಯಿಸುತ್ತದೆ. ಹಾಗೆ ಕೂರುವ ಅಭ್ಯಾಸ ಇರುವವರಿಗೆ ಅಂಚಿನಲ್ಲಿ ಚೌಕಟ್ಟಿಲ್ಲದ, ಅಗಲವಾದ ಮೆತ್ತನೆ ಸೀಟಿರುವ ಕುರ್ಚಿಯೇ ಸರಿ, ಅದಕ್ಕೆ ದೊಡ್ಡ ಹೆಸರಿಲ್ಲದಿದ್ದರೂ. ಹಾಗೇ ಗಾಲಿಗಳ ಕಡೆಗೂ ಒಂದು ಕಣ್ಣಿರಲಿ. ದುಪಟ್ಟ, ಸೀರೆ ಸೆರಗು ಗಾಲಿಗೆ ಸಿಕ್ಕಿಕೊಳ್ಳುವುದು ನಮ್ಮ ಆಫೀಸುಗಳಲ್ಲಿ ದಿನವೂ ನಡೆಯುವ ಮಾತು. ಮುಚ್ಚುಗೆ ಇರುವ ಗಾಲಿ ಹಾಕಿಸಿದರೆ ಈ ತಾಪತ್ರಯ ಬಹಳ ಮಟ್ಟಿಗೆ ಕಡಿಮೆಯಾಗುತ್ತದೆ.

ಈಗ ನನಗೆ ಎಲ್ಲಕ್ಕಿಂತ ಪ್ರೀತಿಯ ಕುರ್ಚಿಗೆ ಬರುತ್ತೇನೆ. ಅದು ಚಂಡೀಗಢದ್ದು.

1950ರ ದಶಕದಲ್ಲಿ ಪಂಜಾಬಿಗೆ ಹೊಸ ರಾಜಧಾನಿ ಕಟ್ಟುವಾಗ ವಾಸ್ತುಶಿಲ್ಪಿ ಲೆ ಕಾರ್ಬುಸಿಯೆ ಹೆಸರು ಮುಂದಿತ್ತು. ಆದರೆ ಅಲ್ಲೇ ನಿಂತು, ವರ್ಷಗಟ್ಟಲೆ ದುಡಿದವರು ಅವರ ಸೋದರಸಂಬಂಧಿ ಪಿಯರ್ ಜಾನ್ರೆ. 1965ರವರೆಗೆ ಅವರು ಚಂಡೀಗಢದಲ್ಲೇ ಇದ್ದರು. 1967ರಲ್ಲಿ ತೀರಿಕೊಂಡ ಮೇಲೆ ಅವರ ಇಚ್ಛೆಯಂತೆ ಚಿತಾಭಸ್ಮವನ್ನು ಅಲ್ಲಿನ ಸುಖನಾ ಕೆರೆಯಲ್ಲಿ ಬಿಟ್ಟರು. ಹೊಸ ನಗರದ ಕಚೇರಿ, ಕೋರ್ಟು, ವಿಶ್ವವಿದ್ಯಾಲಯ, ಗ್ರಂಥಾಲಯಗಳಿಗೆಲ್ಲ ಸಾವಿರಗಟ್ಟಲೆ ಕುರ್ಚಿ ಮೇಜು ಬೇಕಿತ್ತು. ಜಾನ್ರೆ ಮತ್ತು ಅವರ ಜೊತೆಗಿದ್ದ ಭಾರತೀಯ ವಾಸ್ತುಶಿಲ್ಪಿಗಳು ಇಲ್ಲೇ ಸಿಗುವ ಸಾಮಾನಿನಲ್ಲಿ, ಇಲ್ಲಿನ ಬಡಗಿಗಳು ಮಾಡಬಲ್ಲ ರೀತಿಯಲ್ಲಿ ಅವನ್ನು ರೂಪಿಸಿದರು. ಆ ತಂಡದಲ್ಲಿ ಯೂಲಿ ಚೌಧರಿ ಎಂಬ ಮಹಿಳೆಯೂ ಇದ್ದರು. ತೇಗದ ಚೌಕಟ್ಟು, ಬೆತ್ತದ ಸೀಟು, ಬೆತ್ತದ ಬೆನ್ನು. ಪಕ್ಕದಿಂದ ನೋಡಿದರೆ ತಲೆಕೆಳಗಾದ ವಿ ಆಕಾರದ ದಪ್ಪ ಕಾಲುಗಳು. ಕೈಗಳು ಅಗಲ, ಕಾಫಿ ಲೋಟ ಇಡುವಷ್ಟು. ಬೇರೆ ಬೇರೆ ಕಡೆ, ಬೇರೆ ಬೇರೆ ಬಡಗಿಗಳು ಮಾಡಿದ್ದರಿಂದ ಒಂದರ ಹಾಗೆ ಇನ್ನೊಂದಿಲ್ಲ.

ಕಾಲ ಕಳೆದಂತೆ ಬೆತ್ತ ಹರಿಯಿತು, ಕಾಲು ಅಲುಗಾಡಿತು. ರಿಪೇರಿ ಮಾಡಿಸುವ ಬದಲು ಕಚೇರಿಗಳು ಅವನ್ನು ತಾರಸಿಗೆ, ಉಗ್ರಾಣಕ್ಕೆ ಎಸೆದವು. ಜಾಗಕ್ಕೆ ಸ್ಟೀಲು, ಪ್ಲಾಸ್ಟಿಕ್ಕು ಬಂತು. ಹಳೆಯದು ಗುಜರಿ ಲೆಕ್ಕದಲ್ಲಿ ಹರಾಜಾಯಿತು. ಯುರೋಪಿನ ವ್ಯಾಪಾರಿಗಳು ಬಂದು ಕೊಂಡು, ಸರಿಮಾಡಿಸಿ, ಪ್ಯಾರಿಸ್, ನ್ಯೂಯಾರ್ಕ್‌ಗಳಲ್ಲಿ ಲಕ್ಷಗಟ್ಟಲೆ ಬೆಲೆಗೆ ಮಾರಿದರು. ಬೆನ್ನಿಗೆ ಕಚೇರಿಯ ಹೆಸರು, ನಂಬರು ಬಣ್ಣದಲ್ಲಿ ಬರೆದದ್ದು ಉಳಿದಿದ್ದರೆ ಬೆಲೆ ಇನ್ನೂ ಜಾಸ್ತಿ. 2011ರಲ್ಲಿ ಕೇಂದ್ರ ಗೃಹ ಸಚಿವಾಲಯ ಇವುಗಳ ಮಾರಾಟ, ರಫ್ತು ನಿಲ್ಲಿಸಲು ಆದೇಶ ಕೊಡುವ ಹೊತ್ತಿಗೆ ಎಷ್ಟೋ ಹೋಗಿಬಿಟ್ಟಿದ್ದವು. ಹಳೆಯದಾದ ಮೇಲೆ ಇದಕ್ಕೆ ಏನು ಬೆಲೆ ಎಂದು ತಂಬಿಗೆಗೆ ಕೇಳಿದ್ದರಲ್ಲ, ಆ ಪ್ರಶ್ನೆಯನ್ನು ಅವತ್ತು ಆ ಉಗ್ರಾಣದಲ್ಲಿ ಯಾರಾದರೂ ಕೇಳಿದ್ದರೆ! ಹರಿದದ್ದು ಬೆತ್ತ ಮಾತ್ರ. ಬೆತ್ತವನ್ನು ಮತ್ತೆ ಹೆಣೆಯಬಹುದಿತ್ತು.

ಆ ಕೆಲಸ ಬಲ್ಲವರು ನಮ್ಮಲ್ಲಿ ಈಗಲೂ ಇದ್ದಾರೆ. ಬೆಂಗಳೂರಿನಲ್ಲೇ ಫ್ಯಾಂಟಮ್ ಹ್ಯಾಂಡ್ಸ್ ಎಂಬ ಕಾರ್ಯಾಗಾರ ಚಂಡೀಗಢದ ಈ ಕುರ್ಚಿಗಳನ್ನು ತೇಗ, ಬೆತ್ತದಲ್ಲಿ ಕೈಯಿಂದಲೇ ಮತ್ತೆ ಮಾಡುತ್ತಿದೆ. ಇಲ್ಲಿಂದ ಹೊರದೇಶಗಳಿಗೂ ಅವು ಹೋಗುತ್ತವೆ. ಹಿಂದೆ ಸರ್ಕಾರಿ ಕಚೇರಿಗಳಲ್ಲಿ ಬೆತ್ತದ ಕುರ್ಚಿ ಹೆಣೆಯಲೆಂದೇ ಜನ ಇರುತ್ತಿದ್ದರು. ಅಂಧರ ಶಾಲೆಗಳಲ್ಲಿ ಈ ಕಸುಬು ಕಲಿಸುತ್ತಿದ್ದರು. ಕಣ್ಣಿಲ್ಲದವರು ಬೆರಳ ತುದಿಯಲ್ಲೇ ಲೆಕ್ಕ ಹಿಡಿದು ಎಂಟು ಮೂಲೆಯ ಕಣ್ಣುಗಳನ್ನು ಒಂದೂ ತಪ್ಪದಂತೆ ಹೆಣೆಯುತ್ತಿದ್ದರು. ಇಂಥ ಕಸುಬು ಉಳಿಯಬೇಕಾದರೆ ಬೆತ್ತದ ಕುರ್ಚಿ ಬಳಕೆಯಲ್ಲಿ ಇರಬೇಕು, ಬೇರೆ ದಾರಿ ಇಲ್ಲ.

ಬೆತ್ತಕ್ಕೆ ಸ್ವಲ್ಪ ಆರೈಕೆ ಬೇಕು. ಇಡೀ ದಿನ ಎಸಿ ಓಡುವ ಕೋಣೆಯಲ್ಲಿ ಅದು ಒಣಗಿ ಸಿಡಿಯುತ್ತದೆ. ಆಗಾಗ ಸೀಟಿನ ಅಡಿಯಿಂದ ಒದ್ದೆ ಬಟ್ಟೆ ಒತ್ತಿ, ನೆರಳಲ್ಲಿ ಆರಲು ಬಿಟ್ಟರೆ ಸಡಿಲಾದದ್ದು ಮತ್ತೆ ಬಿಗಿಯಾಗುತ್ತದೆ. ಬಿಸಿಲು ಬೀಳುವ ಕಿಟಕಿ ಪಕ್ಕ ಇಡಬೇಡಿ. ಬೆತ್ತದಲ್ಲಿ ಎರಡು ಬಗೆ ಇದೆ. ಚೌಕಟ್ಟಿನ ತೂತುಗಳಲ್ಲಿ ಎಳೆ ಎಳೆಯಾಗಿ ಪೋಣಿಸಿ ಕೈಯಲ್ಲಿ ಹೆಣೆದದ್ದು ಒಂದು. ಯಂತ್ರದಲ್ಲಿ ನೇಯ್ದ ಹಾಳೆಯನ್ನು ಚೌಕಟ್ಟಿನಲ್ಲಿ ಕೊರೆದ ಸೀಳಿನೊಳಗೆ ಅಂಟು ಹಾಕಿ ಕೂರಿಸಿದ್ದು ಇನ್ನೊಂದು. ಸೀಟಿನ ಅಡಿ ನೋಡಿದರೆ ಗೊತ್ತಾಗುತ್ತದೆ.

ಕರಾವಳಿಯವರಿಗೆ ಒಂದು ಮಾತು. ಮಾರ್ಸೆಲ್ ಬ್ರಾಯರ್ ಅವರ 1928ರ ಚೆಸ್ಕಾ ಕುರ್ಚಿ ನನಗೂ ಇಷ್ಟ. ಹಿಂದಿನ ಕಾಲೇ ಇಲ್ಲ, ಬಾಗಿಸಿದ ಒಂದು ಉಕ್ಕಿನ ಕೊಳವೆಯ ಮೇಲೆ ಬೆತ್ತದ ಸೀಟು ತೇಲಿದಂತೆ ನಿಲ್ಲುತ್ತದೆ. ಕೂತಾಗ ಹಿತವಾಗಿ ಸ್ವಲ್ಪ ಜಗ್ಗುತ್ತದೆ. ಆದರೆ ಮಂಗಳೂರು, ಉಡುಪಿಯ ಉಪ್ಪುಗಾಳಿಗೆ ಕ್ರೋಮ್ ಬೇಗ ಚುಕ್ಕೆ ಬೀಳುತ್ತದೆ. ಅಲ್ಲಿ ಮರದ ಚೌಕಟ್ಟೇ ವಾಸಿ. ಚೆಸ್ಕಾದ ಅಗ್ಗದ ನಕಲು ಎಲ್ಲೇ ಆಗಲಿ ಬೇಡ. ಕೊಳವೆ ತೆಳುವಾಗಿದ್ದರೆ ದಿನ ಕಳೆದಂತೆ ಹಿಂದಕ್ಕೆ ವಾಲುತ್ತದೆ. ಇಡೀ ಕುರ್ಚಿ ನಿಂತಿರುವುದೇ ಆ ಕೊಳವೆಯ ಗಟ್ಟಿತನದ ಮೇಲೆ.

ನಕಲಿನ ಪ್ರಶ್ನೆ ಎಲ್ಲರೂ ಕೇಳುತ್ತಾರೆ. ನಮ್ಮ 2000ದ ಡಿಸೈನ್ ಕಾಯ್ದೆಯಲ್ಲಿ ನೋಂದಾಯಿಸಿದ ವಿನ್ಯಾಸಕ್ಕೆ 10 ವರ್ಷ, ನವೀಕರಿಸಿದರೆ ಇನ್ನೂ 5 ವರ್ಷ ರಕ್ಷಣೆ. ಎಪ್ಪತ್ತು ಎಂಬತ್ತು ವರ್ಷದ ಹಿಂದಿನ ಕುರ್ಚಿಗಳಿಗೆ ಆ ಕಾಯ್ದೆಯ ಕಾವಲು ಇಲ್ಲ. ಬ್ರಿಟನ್ನಿನಲ್ಲಿ ಹಾಗಲ್ಲ, 2016ರಲ್ಲಿ ಕಾನೂನು ಬದಲಿಸಿ, ಕಲಾಕೃತಿ ಎನಿಸುವ ವಿನ್ಯಾಸಕ್ಕೆ ವಿನ್ಯಾಸಕಾರ ತೀರಿಕೊಂಡ 70 ವರ್ಷದವರೆಗೆ ರಕ್ಷಣೆ ಕೊಟ್ಟರು. ನಮ್ಮಲ್ಲಿ ಬ್ರ್ಯಾಂಡಿನ ಹೆಸರು ಹಾಕಿ ಸುಳ್ಳು ಹೇಳಿ ಮಾರುವುದು ಮಾತ್ರ ಖಂಡಿತ ತಪ್ಪು. ನನ್ನ ನಿಲುವು ಇಷ್ಟೆ. ಹೆಸರಿಗಾಗಿ ನಕಲು ತರಬೇಡಿ. ಒಳ್ಳೆಯ ಬಡಗಿಯಿಂದ, ಒಳ್ಳೆಯ ಮರದಲ್ಲಿ, ಹಳೆಯ ವಿನ್ಯಾಸದಿಂದ ಕಲಿತು ಕುರ್ಚಿ ಮಾಡಿಸಿದರೆ ಅದರಲ್ಲಿ ಮರ್ಯಾದೆ ಇದೆ. ಅಂಗಡಿಯಲ್ಲಿ ಕುರ್ಚಿಯನ್ನು ತಲೆಕೆಳಗು ಮಾಡಿ ನೋಡಿ. ವೆಲ್ಡಿಂಗ್, ಸ್ಕ್ರೂ, ಜೋಡಣೆ ಎಲ್ಲ ಅಲ್ಲೇ ಕಾಣುತ್ತದೆ. ಆಮೇಲೆ ಹತ್ತು ನಿಮಿಷ ಕೂತು ಬೇರೆ ಮಾತಾಡಿ. ಅಷ್ಟರಲ್ಲಿ ಮೈ ಎಷ್ಟು ಸಲ ಜಾಗ ಬದಲಿಸಿತು ಎಂದು ಗಮನಿಸಿ.

ಬಿಚ್ಚಿ ಜೋಡಿಸಲು ಬರುವ ಕುರ್ಚಿ ಉಳಿಯುತ್ತದೆ. ಮೈಕೆಲ್ ಟೋನೆಟ್ 1859ರಲ್ಲಿ ತಂದ 14ನೇ ನಂಬರಿನ ಕುರ್ಚಿಯಲ್ಲಿ ಇದ್ದದ್ದು ಹಬೆಯಲ್ಲಿ ಬಗ್ಗಿಸಿದ ಬೀಚ್ ಮರದ ಆರು ಭಾಗ, ಹತ್ತು ಸ್ಕ್ರೂ, ಎರಡು ನಟ್ಟು. ಬಿಚ್ಚಿಟ್ಟರೆ ಒಂದು ಘನ ಮೀಟರ್ ಪೆಟ್ಟಿಗೆಯಲ್ಲಿ 36 ಕುರ್ಚಿ ಹಿಡಿಯುತ್ತಿದ್ದವು. 1930ರ ಹೊತ್ತಿಗೆ ಸುಮಾರು 5 ಕೋಟಿ ಮಾರಾಟವಾಗಿತ್ತು. ಮುಂಬೈಯ ಹಳೆಯ ಇರಾನಿ ಹೋಟೆಲುಗಳಲ್ಲಿ ಇದೇ ಬಳಗದ ಬಾಗುಮರದ ಕುರ್ಚಿಗಳು ಇವತ್ತಿಗೂ ಗಿರಾಕಿಗಳನ್ನು ಕೂರಿಸಿಕೊಳ್ಳುತ್ತಿವೆ. ಒಂದು ಭಾಗ ಮುರಿದರೆ ಅದೊಂದನ್ನೇ ಬದಲಿಸಬಹುದು.

ಹೊರಗಿನಿಂದ ಬರುವವರ ಕುರ್ಚಿಗೆ ನಾನು ಕೊನೆಯಲ್ಲಿ ಬರುತ್ತೇನೆ, ಯಾಕೆಂದರೆ ಆಫೀಸುಗಳೂ ಅದನ್ನು ಕೊನೆಗೇ ಯೋಚಿಸುತ್ತವೆ, ಉಳಿದ ಚಿಲ್ಲರೆ ದುಡ್ಡಿನಲ್ಲಿ. ವಕೀಲರ ಎದುರು ಕೂರುವವರು ಜಮೀನಿನ ಚಿಂತೆಯಲ್ಲೋ ಮನೆಯ ಜಗಳದಲ್ಲೋ ಬಂದಿರುತ್ತಾರೆ. ಅವರಿಗೆ ಅಲುಗಾಡುವ, ತಗ್ಗಿನ ಕುರ್ಚಿ ಕೊಟ್ಟು, ಈ ಕಡೆಯವರು ಎತ್ತರದಲ್ಲಿ ಕೂರುವುದು ಸರಿಯಲ್ಲ. ಈಗ ಕೆಲಸ ನಡೆಯುತ್ತಿರುವ ಒಂದು ವಕೀಲರ ಆಫೀಸಿನಲ್ಲಿ ಮೇಜಿನ ಎರಡೂ ಕಡೆ ಸೀಟಿನ ಎತ್ತರ ಒಂದೇ ಇರಲಿ ಎಂದು ಒಪ್ಪಿಸಿದ್ದೇನೆ. ಬರುವವರಿಗೆ ಚಂಡೀಗಢದ ಮಾದರಿಯಲ್ಲಿ ಅಗಲ ಕೈಯಿರುವ, ತೇಗ ಬೆತ್ತದ ಕುರ್ಚಿಗಳು. ಕೈ ಊರಿ ಏಳಬಹುದು, ಫೈಲು ಪಕ್ಕಕ್ಕೆ ಇಡಬಹುದು. ಗುಮಾಸ್ತರಿಗೆ ಬಳಸಿದ, ಆದರೆ ಗಟ್ಟಿಯಾಗಿರುವ ಜಾಲರಿ ಕುರ್ಚಿ, ಅವರವರ ಅಳತೆ ನೋಡಿ. ಬೆತ್ತ ಹೆಣೆಯುವವರ ಫೋನ್ ನಂಬರನ್ನು ಬಿಲ್ಲಿನ ಹಿಂದೆಯೇ ಬರೆದುಕೊಡುತ್ತೇನೆ.